ಅರ್ಧ ತೂತಿನ ಹಾಳೆ

“ಕೈ ತೆಗೀರಿ ಅದರ ಮೇಲಿಂದ! ನೋಡೋಕೆ ಅನುಮತಿ ಇದೆ, ಮುಟ್ಟೋಕೆ ಇಲ್ಲ.”

ತಮ್ಮನ ಕೂಗಿಗೆ ಅವನ ಕನ್ನಡಕದ ಅಂಗಡಿಯ ಗಾಜಿನ ಕಪಾಟುಗಳು ಝಣಝಣಿಸಿದವು. ಹೊಸ ಚೌಕಟ್ಟೊಂದನ್ನು ಮೂಗಿನ ಮೇಲಿಟ್ಟು ಮುಖ ನೋಡಿಕೊಳ್ಳುತ್ತಿದ್ದ ಗಿರಾಕಿಯೊಬ್ಬರು ಅದನ್ನು ಮೆಲ್ಲನೆ ತೆಗೆದಿಟ್ಟು ಬಂದ ದಾರಿಯಲ್ಲೇ ಹೊರಟುಹೋದರು.

ಭೂತಗನ್ನಡಿಯವರು ಕೈ ತೆಗೆಯಲಿಲ್ಲ. ಮೂವತ್ತೊಂದು ವರ್ಷ ನ್ಯಾಯಾಲಯದ ದಾಖಲೆ ಕೋಣೆಯಲ್ಲಿ ಸಂದೇಹದ ಪತ್ರಗಳನ್ನು ಪರೀಕ್ಷಿಸಿ ನಿವೃತ್ತರಾದ ಆ ಹೆಂಗಸಿಗೆ ಸಹೋದ್ಯೋಗಿಗಳು ಇಟ್ಟ ಅಡ್ಡಹೆಸರು ಅದು. ಸ್ವಂತ ಹೆಸರು ಈಗ ಪಿಂಚಣಿಯ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

“ಮಧ್ಯಸ್ಥರು ಅರ್ಧ ಗಂಟೆ ಕೊಟ್ಟಿದ್ದಾರೆ,” ಎಂದರು ಅವರು, ತಲೆಯೆತ್ತದೆ. “ಅದರಲ್ಲಿ ನಾಲ್ಕು ನಿಮಿಷ ನಿಮ್ಮ ಕೂಗಿಗೇ ಹೋಯ್ತು. ಮುಟ್ಟದೆ ನೋಡೋಕೆ ಇದೇನು ಚಂದ್ರನೇ?”

ಮೇಜಿನ ಮೇಲಿದ್ದುದು ಒಂದೇ ಹಾಳೆ. ಆ ಹಾಳೆಯ ಬಲದಿಂದ, ಕಟ್ಟಡವೊಂದರಲ್ಲಿ ಅರ್ಧ ಪಾಲಿನ ಒಡತಿಯಾಗಿದ್ದ ಅಂಗಡಿಯವನ ಅಕ್ಕ ಹನ್ನೊಂದು ದಿನಗಳ ಹಿಂದೆ ಅವನು ಕಳಿಸಿದ ಒಂದು ನೋಟೀಸಿನ ಮೂಲಕ ಬಾಡಿಗೆದಾರಳಾಗಿಬಿಟ್ಟಿದ್ದಳು.

ಅಕ್ಕ ಬಾಗಿಲ ಬಳಿ ನಿಂತೇ ಇದ್ದಳು. ಕುಳಿತುಕೊಳ್ಳಲು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವಳು ಕೂರುತ್ತಿರಲಿಲ್ಲ. ಪುಸ್ತಕ ಕಟ್ಟುವ ಕಸುಬಿನವಳು. ಬೆರಳ ತುದಿಗಳಲ್ಲಿ ಒಣಗಿದ ಅಂಟು, ಎಡ ಹೆಬ್ಬೆರಳಿನಲ್ಲಿ ದಾರ ಎಳೆದೆಳೆದು ಬಿದ್ದ ಗೀರು. ಗಿರಾಕಿಗಳಿಗೆಂದು ಅಂಗಡಿಯ ಗೋಡೆಗಳ ತುಂಬ ಹಾಕಿದ್ದ ಕನ್ನಡಿಗಳಲ್ಲಿ ಅವಳ ಒಂದೇ ಕೋಪವು ಹದಿನಾಲ್ಕಾಗಿ ಕಾಣುತ್ತಿತ್ತು.

“ಓದಿ ಮೇಡಂ, ಜೋರಾಗಿ ಓದಿ,” ಎಂದಳು. “ನಾನು ಎಷ್ಟು ಉದಾರಿ ಅಂತ ಬೀದಿಗೂ ಕೇಳಿಸಲಿ.”

ಭೂತಗನ್ನಡಿಯವರು ಓದಿದರು. “ನಮ್ಮ ತಂದೆಯವರಿಂದ ನಮ್ಮಿಬ್ಬರಿಗೆ ಸಮವಾಗಿ ಬಂದ ಕಟ್ಟಡದಲ್ಲಿ ನನಗಿರುವ ಅರ್ಧ ಪಾಲನ್ನು ನನ್ನ ತಮ್ಮನಿಗೆ ಸ್ವಸಂತೋಷದಿಂದ ಬಿಟ್ಟುಕೊಟ್ಟಿದ್ದೇನೆ. ಇನ್ನು ಮುಂದೆ ಕೆಳಗಿನ ಅಂಗಡಿಯಲ್ಲಿ ನಾನು ಬಾಡಿಗೆದಾರಳಾಗಿ ಮಾತ್ರ ಇರತಕ್ಕದ್ದು.”

“ಸ್ವಸಂತೋಷದಿಂದ!” ಎಂದು ಅಕ್ಕ ಉರಿದುಬಿದ್ದಳು. “ಒಂಬತ್ತು ವರ್ಷದಿಂದ ಇವನ ಮುಖ ಕಂಡ್ರೆ ಹೊಟ್ಟೆಯಲ್ಲಿ ಕೊಳ್ಳಿ ಇಟ್ಟ ಹಾಗಾಗುತ್ತೆ ನನಗೆ. ಸಂತೋಷ ಎಲ್ಲಿಂದ ಬರಬೇಕು?”

ತಮ್ಮ ಅವಳ ಕಡೆ ನೋಡಲಿಲ್ಲ. ಭೂತಗನ್ನಡಿಯವರನ್ನೇ ನೋಡಿಕೊಂಡು ಹೇಳಿದ. “ಇವರಿಗೆ ಹೇಳಿ ಮೇಡಂ. ರುಜು ಇವರದ್ದೇ ಅಂತ ಕೈಬರಹದ ಪರಿಣತರೇ ಬರೆದುಕೊಟ್ಟಿದ್ದಾರೆ. ಬಿಟ್ಟುಕೊಟ್ಟಿದ್ದೀನಿ ಅಂತ ರುಜು ಹಾಕಿ, ಒಂದು ವರ್ಷ ಸುಮ್ಮನಿದ್ದು, ಆಮೇಲೆ ‘ಕಟ್ಟಡ ಭಾಗ ಮಾಡು’ ಅಂತ ನನಗೇ ವಕೀಲರ ಕಾಗದ ಕಳಿಸ್ತಾರೆ. ನಾನೇನು ಕಿವಿ ಮೇಲೆ ಹೂ ಇಟ್ಕೊಂಡಿದ್ದೀನಾ?”

“ಲೋ, ನನ್ನ ಕಡೆ ತಿರುಗಿ ಮಾತಾಡೋ! ನಾನೇನು ಗೋಡೆಯಾ?”

“ಇವರು ಅಂಗಡಿಯಲ್ಲಿ ಕೂಗಾಡಿದ್ರೆ ನಾನು ಆ ಹಾಳೆ ಎತ್ತಿ ಒಳಗಿಡ್ತೀನಿ. ಅದನ್ನೂ ಹೇಳಿ.”

ಭೂತಗನ್ನಡಿಯವರಿಗೆ ಇವರಿಬ್ಬರ ಜಗಳದ ಮೂಲ ತಿಳಿದಿತ್ತು. ತಂದೆ ತೀರಿಹೋದ ತಿಂಗಳಲ್ಲೇ, ಅವರ ಕಾಗದ ಕತ್ತರಿಸುವ ಯಂತ್ರವನ್ನು ತಮ್ಮ ಯಾರನ್ನೂ ಕೇಳದೆ ಗುಜರಿಗೆ ಹಾಕಿದ್ದ. ಅಕ್ಕ ಆ ಹೊತ್ತು ಬೀದಿಯ ನಡುವೆ ನಿಂತು, ಹತ್ತಾರು ಜನರ ಮುಂದೆ, ಅವನ ಜನ್ಮ ಜಾಲಾಡಿದ್ದಳು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಕಟ್ಟಡ ಮಾತ್ರ ಇಬ್ಬರ ಹೆಸರಿನಲ್ಲೂ ನಿಂತಿತ್ತು: ಕೆಳಗೆ ಎರಡು ಅಂಗಡಿ, ಮೇಲೆ ಮೂರು ಮನೆ. ನೀರಿನ ತೊಟ್ಟಿ ಸೋರಿದರೆ ಅವಳು ತೇಪೆ ಹಾಕಿಸುವಳು. ಮೆಟ್ಟಿಲು ಕುಸಿದರೆ ಅವನು ಕಟ್ಟಿಸುವನು. ಎರಡೂ ಒಟ್ಟಿಗೆ ಕೆಟ್ಟರೆ ಎರಡೂ ಹಾಗೆಯೇ ಇರುವವು.

ಈಗ ಪ್ರಶ್ನೆ ತೊಟ್ಟಿಯದ್ದಲ್ಲ. ನಾಳಿದ್ದು ಬೆಳಗ್ಗೆ ಹತ್ತಕ್ಕೆ ಮಧ್ಯಸ್ಥರು ತೀರ್ಪು ಕೊಡುವವರಿದ್ದರು. ಸಾಕ್ಷಿಗಳ ರುಜು ಇಲ್ಲದಿದ್ದರೂ, ಇಂಥ ಖಾಸಗಿ ಪತ್ರಕ್ಕೆ ಬರೆದವರ ರುಜುವೇ ಸಾಕೆಂದು ಅವರು ಆಗಲೇ ಹೇಳಿದ್ದರು. ಹಾಳೆ ನಿಂತರೆ ಅಕ್ಕನ ಪಾಲು ಹೋಯಿತು. ಪಾಲಿನ ಜೊತೆಗೆ, ಇಪ್ಪತ್ತಾರು ವರ್ಷ ಅವಳು ದಾರ ಎಳೆದ ಆ ಕೆಳಗಿನ ಅಂಗಡಿಯೂ ಹೋಯಿತು.

“ಒಂದು ಮಾತು ಕೇಳ್ತೀನಿ,” ಎಂದರು ಭೂತಗನ್ನಡಿಯವರು, ಅಕ್ಕನ ಕಡೆ ತಿರುಗಿ. “ಇದನ್ನ ನೀವು ಬರೆದಿಲ್ಲ, ಬರೆಸಿಲ್ಲ, ಓದಿಲ್ಲ. ಸರಿ. ರುಜು?”

ಅಕ್ಕ ಅಂಟು ಒಣಗಿದ ತನ್ನ ಬೆರಳುಗಳನ್ನು ನೋಡಿಕೊಂಡಳು.

“ರುಜು ನನ್ನದೇ ಮೇಡಂ. ನನ್ನ ಕೈ ನನಗೆ ಗೊತ್ತಿಲ್ವಾ? ಆದರೆ ನಾನು ಹಾಕಿಲ್ಲ!”

“ನೋಡಿದ್ರಾ!” ತಮ್ಮ ಮೇಜು ಗುದ್ದಿದ. “ಕೈ ಇವರದ್ದು, ರುಜು ಇವರದ್ದು, ಹಾಕಿದ್ದು ಮಾತ್ರ ದೆವ್ವ. ಅದಕ್ಕೇ ಭೂತಗನ್ನಡಿಯವರನ್ನ ಕರ್ಕೊಂಡು ಬಂದಿದ್ದಾರೆ.”

ಭೂತಗನ್ನಡಿಯವರು ನಕ್ಕರು. ಅವರ ಕೋಪಕ್ಕೆ ಸದ್ದಿರಲಿಲ್ಲ. ಅದು ನಗುವಿನ ರೂಪದಲ್ಲೇ ಬರುತ್ತಿತ್ತು. ಎರಡು ವಿರುದ್ಧವಾದ ಮಾತುಗಳು ಒಟ್ಟಿಗೆ ನಿಜವಾಗಿರುವಂತೆ ಕಂಡಾಗ, ಮಾತಿನಲ್ಲಿ ದೋಷ ಹುಡುಕುವ ಮೊದಲು ನಮ್ಮ ಊಹೆಯಲ್ಲಿ ದೋಷ ಹುಡುಕಬೇಕೆಂಬುದು ತರ್ಕವನ್ನು ಗುರುಮುಖದಿಂದ ಕಲಿತವರ ರೀತಿ. ಇಲ್ಲಿ ಎಲ್ಲರೂ ಊಹಿಸಿದ್ದು ಇಷ್ಟು: ಮೊದಲು ಬರಹ, ಆಮೇಲೆ ರುಜು. ಪರಿಣತರು ರುಜುವನ್ನು ನೋಡಿದ್ದರು. ಹಾಳೆಯನ್ನು ಯಾರು ನೋಡಿದ್ದರು?

ಅವರು ಚೀಲದಿಂದ ಅಳತೆಪಟ್ಟಿ ತೆಗೆದು ಹಾಳೆಯ ಅಗಲ ಅಳೆದರು. ಇನ್ನೊಂದು ಖಾಲಿ ಹಾಳೆಯನ್ನು ಅದರ ಮೇಲಿಟ್ಟರು. ಉದ್ದ ಸರಿಸಮ. ಅಗಲದಲ್ಲಿ ಪತ್ರದ ಹಾಳೆ ಒಂದು ಬೆರಳಿನಷ್ಟು ಕಿರಿದು.

“ನಿಮ್ಮಲ್ಲಿ ಗಾಜು ಪರೀಕ್ಷೆ ಮಾಡೋಕೆ ದೀಪ ಇರೋ ದೊಡ್ಡ ಮಸೂರ ಇದೆಯಲ್ಲ. ತರ್ತೀರಾ?”

“ಯಾಕೆ ತರಬೇಕು?”

“ನಿಮ್ಮ ಪತ್ರ ಸಾಚಾ ಆಗಿದ್ರೆ ನಿಮಗೇನು ಭಯ?”

ತಮ್ಮ ಹಲ್ಲು ಕಡಿದುಕೊಂಡು ಒಳಗೆ ಹೋದ. ಕಬ್ಬಿಣದ ಕಂಬಕ್ಕೆ ಸಿಕ್ಕಿಸಿದ ಅಂಗೈಯಗಲದ ಮಸೂರವನ್ನು ತಂದು, ಧಡ್ಡನೆ ಮೇಜಿನ ಮೇಲಿಟ್ಟು, ದೀಪ ಹೊತ್ತಿಸಿದ. ಗಾಜು ಉಜ್ಜುವ ಯಂತ್ರದ ಬಿಳಿಯ ಧೂಳು ಅವನ ತೋಳಿನಿಂದ ಮೇಜಿನ ಮೇಲೆ ಉದುರಿತು.

“ಮೊದಲು ನೀವೇ ನೋಡಿ,” ಎಂದರು ಭೂತಗನ್ನಡಿಯವರು. “ರುಜುವಿನ ಮೊದಲ ಅಕ್ಷರದ ಕೊಂಬು ಮೇಲಕ್ಕೆ ಹೋಗಿ ಕೊನೆಯ ಸಾಲಿಗೆ ತಾಕಿದೆ. ತಾಕಿದ ಜಾಗದಲ್ಲಿ ಏನು ಕಾಣುತ್ತೆ?”

“ನೀಲಿ ಶಾಯಿ. ಅಚ್ಚಿನ ಕಪ್ಪು.”

“ಯಾವುದು ಮೇಲಿದೆ?”

ದಿನವಿಡೀ ಇತರರ ದೃಷ್ಟಿಯನ್ನು ಪರೀಕ್ಷಿಸುವವನು, ತನ್ನ ಕಣ್ಣು ಕಂಡುದನ್ನು ಹೇಳಲಾರದೆ ನಿಂತ.

“ಕಪ್ಪು ಮೇಲಿದೆ,” ಎಂದರು ಅವರೇ. “ನೀಲಿಯ ಮೇಲೆ ಕಪ್ಪು ಕೂತಿದೆ. ಅಂದ್ರೆ ಮೊದಲು ರುಜು ಬಿತ್ತು. ಆಮೇಲೆ ಯಾರೋ ಈ ಹಾಳೆಯನ್ನ ಅಚ್ಚಿನ ಯಂತ್ರಕ್ಕೆ ಹಾಕಿದ್ದಾರೆ.”

“ಖಾಲಿ ಹಾಳೆಗೆ ರುಜು ಹಾಕೋಕೆ ಇವರೇನು ಎಳೇ ಮಗುವಾ?”

“ಅದನ್ನೇ ನಾನೂ ಕೇಳ್ಕೊಂಡೆ. ಈಗ ಎಡಗಡೆ ಅಂಚು ನೋಡಿ.”

ಮೂರು ಅಂಚುಗಳು ಕಾರ್ಖಾನೆಯಲ್ಲಿ ಕತ್ತರಿಸಿದವು, ನೇರ, ನುಣುಪು. ಎಡದ ಅಂಚು ಮಾತ್ರ ಕತ್ತರಿಯದು. ಅದೂ ಅಭ್ಯಾಸವಿಲ್ಲದ ಕೈಯದು: ಮೇಲೆ ಅಗಲವಾಗಿ, ಕೆಳಗೆ ಕಿರಿದಾಗಿ, ನಡುವೆ ಅಲೆಅಲೆಯಾಗಿ ಓಡಿತ್ತು. ಮೇಲ್ತುದಿಯಿಂದ ಸ್ವಲ್ಪ ಕೆಳಗೆ, ಕತ್ತರಿ ಓರೆಯಾಗಿದ್ದ ಕಡೆ, ಅರ್ಧಚಂದ್ರದಂತಹ ಒಂದು ಸಣ್ಣ ಕಚ್ಚು ಉಳಿದಿತ್ತು. ಅದರ ಸುತ್ತ ಸಾಸಿವೆಯಷ್ಟು ಅಗಲಕ್ಕೆ ಕಾಗದವು ಎಣ್ಣೆ ಕುಡಿದಂತೆ ಪಾರದರ್ಶಕವಾಗಿತ್ತು.

“ತೂತು,” ಎಂದ ತಮ್ಮ. “ಅರ್ಧ ತೂತು. ಇಲಿ ಕಚ್ಚಿರಬೇಕು.”

ಆದರೆ ಅವನ ಕೈ ಅವನ ಬಾಯಿಯ ಮಾತು ಕೇಳಲಿಲ್ಲ. ಬಲಗೈಯ ನಾಲ್ಕು ಬೆರಳುಗಳು ಒಟ್ಟಾಗಿ, ತಮ್ಮಷ್ಟಕ್ಕೆ ತಾವೇ, ಹಾಳೆಯ ಮೇಲ್ತುದಿಗೆ ಹೋಗಿ ಕೂತವು. ನಾಲ್ಕನೆಯ ಬೆರಳು ಮುಗಿಯುವಲ್ಲಿ ಆ ಅರ್ಧ ತೂತು ಇತ್ತು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಅವನು ಕೈಯನ್ನು ಥಟ್ಟನೆ ಹಿಂದೆಗೆದುಕೊಂಡ.

“ನಾಲ್ಕು ಬೆರಳು,” ಎಂದಳು ಅಕ್ಕ ಬಾಗಿಲಿನಿಂದ. ಅವಳ ದನಿ ಈಗ ಕೆಳಗಿಳಿದಿತ್ತು. ಅದರಿಂದ ಇನ್ನಷ್ಟು ಹರಿತವಾಗಿತ್ತು. “ಮೇಲಿಂದ ನಾಲ್ಕು ಬೆರಳು ಬಿಟ್ಟು ಮೊದಲ ದಬ್ಬಳದ ತೂತು. ದಾರಕ್ಕೆ ಮೇಣ. ಮರೆತಿಲ್ಲ ಅನ್ನು. ಅಪ್ಪನ ಮೆಷಿನ್ ಗುಜರಿಗೆ ಹಾಕಿದ್ರೂ ಅಪ್ಪ ಕಲಿಸಿದ್ದು ಬೆರಳಿಂದ ಹೋಗಿಲ್ಲ.”

ಅವಳು ಮೇಜಿನ ಬಳಿಗೆ ಬಂದಳು. ತಮ್ಮ ತಡೆಯಲಿಲ್ಲ. ಅರ್ಧ ತೂತನ್ನೂ ಮೇಣದ ಕಲೆಯನ್ನೂ ಬಲಗಡೆ ಕೆಳಮೂಲೆಯ ರುಜುವನ್ನೂ ಒಂದೊಂದಾಗಿ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖಕ್ಕೆ ರಕ್ತ ಏರಿತು.

“ಇದು ಕೊನೇ ಹಾಳೆ ಮೇಡಂ. ಅಯ್ಯೋ ನನ್ನ ಬುದ್ಧಿಗಿಷ್ಟು! ಇದು ಕೊನೇ ಹಾಳೆ!”

“ಬಿಡಿಸಿ ಹೇಳಿ.”

“ನಮ್ಮ ಅಂಗಡಿ ಪದ್ಧತಿ. ಯಾರೇ ಕಟ್ಟು ತಂದ್ರೂ ಹಾಳೆ ಎಣಿಸಿ, ಹೊಲಿದು, ಕಡೇಲಿ ಒಂದು ಖಾಲಿ ಹಾಳೆ ಸೇರಿಸಿ, ಅದರ ಕೆಳಮೂಲೇಲಿ ರುಜು ಹಾಕ್ತೀವಿ. ‘ಎಲ್ಲಾ ಹಾಳೆ ಸರಿಯಾಗಿದೆ, ನಾನು ಎಣಿಸಿದ್ದೀನಿ’ ಅಂತ ಅರ್ಥ. ಹಿಂದೆ ಯಾರೋ ಒಬ್ಬರು ಅಪ್ಪನ ಮೇಲೆ ಹಾಳೆ ಕದ್ದ ಅಂತ ಅಪವಾದ ಹೊರಿಸಿದ್ರು. ಅವತ್ತಿಂದ ಶುರುವಾಗಿದ್ದು. ಬೇರೆ ಯಾವ ಅಂಗಡೀಲೂ ಇಲ್ಲ ಇದು.”

ಭೂತಗನ್ನಡಿಯವರು ಕಣ್ಣು ಮುಚ್ಚಿ ತೆರೆದರು. ತನ್ನ ಪ್ರಾಮಾಣಿಕತೆಗೆ ಕಾವಲೆಂದು ಒಬ್ಬ ಸತ್ಯವಂತನು ಕಟ್ಟಿದ ನಿಯಮ. ಅದೇ ನಿಯಮದಿಂದ ಅವನ ಮಗಳು ಇಪ್ಪತ್ತಾರು ವರ್ಷ, ಊರಿನ ಕಂಡಕಂಡವರಿಗೆಲ್ಲ, ರುಜು ಹಾಕಿದ ಖಾಲಿ ಹಾಳೆಗಳನ್ನು ಹಂಚುತ್ತ ಬಂದಿದ್ದಳು.

“ಹಾಗಾದ್ರೆ ಈ ಹಾಳೆ ಯಾರ ಪುಸ್ತಕದಿಂದ ಬಂತು ಅನ್ನೋದೇ ಪ್ರಶ್ನೆ,” ಎಂದರು. ಆಮೇಲೆ ತಮ್ಮನಿಗೆ: “ನಿಮಗೆ ಇದನ್ನ ಕೊಟ್ಟವರು ಯಾರು?”

“ಇದು ನನ್ನ ಪತ್ರ. ಯಾರು ಕೊಟ್ರೆ ಏನು?”

“ಕಳ್ಳನ ಮಾತು ಹೀಗೇ ಇರುತ್ತೆ!” ಅಕ್ಕ ಸಿಡಿದಳು. “ಯಾವನ ಹತ್ರ ಬರೆಸಿದೆ ಹೇಳೋ!”

“ನಾನು ಬರೆಸಿಲ್ಲ!” ಒಂಬತ್ತು ವರ್ಷಗಳಲ್ಲಿ ಮೊದಲ ಸಲ ಅವನು ಅವಳ ಮುಖಕ್ಕೆ ಮುಖ ಕೊಟ್ಟು ಕೂಗಿದ. “ನನ್ನ ಕೈಗೆ ಹೀಗೇ ಬಂತು! ನೀನೇ ಕಳಿಸಿದ್ದೀಯ ಅಂದ್ಕೊಂಡೆ. ಕೊನೆಗೂ ನಿನಗೆ ಬುದ್ಧಿ ಬಂತು, ಮೆಷಿನ್ ವಿಷಯಕ್ಕೆ ಬೀದೀಲಿ ಮಾನ ಕಳೆದಿದ್ದಕ್ಕೆ ಇದು ನಿನ್ನ ಪ್ರಾಯಶ್ಚಿತ್ತ ಅಂದ್ಕೊಂಡೆ.”

“ಪ್ರಾಯಶ್ಚಿತ್ತ? ನಾನು? ನಿನಗೆ?”

“ಕೊಟ್ಟವರು ಸುಳ್ಳು ಹೇಳೋರಲ್ಲ!”

“ಯಾರು?” ಎಂದರು ಭೂತಗನ್ನಡಿಯವರು, ಮೆತ್ತಗೆ.

ಅವನು ಮಸೂರದ ದೀಪ ಆರಿಸಿದ.

“ಅತ್ತೆ.”

ಅಕ್ಕನ ಕೈ ಮೇಜಿನ ಅಂಚನ್ನು ಹಿಡಿಯಿತು. ತಂದೆಯ ಏಕೈಕ ತಂಗಿ, ಇಬ್ಬರನ್ನೂ ಎತ್ತಿ ಆಡಿಸಿದ ಸೋದರತ್ತೆ. ಅದೇ ಕಟ್ಟಡದ ಮಹಡಿಯ ಹಿಂದಿನ ಮನೆಯಲ್ಲಿದ್ದಳು. ವಯಸ್ಸಾದವಳ ತಲೆ ಕೆಡಿಸುವುದೇಕೆಂದು, ನೋಟೀಸಿನ ಸುದ್ದಿಯನ್ನು ಇವರಿಬ್ಬರೂ ಅವಳ ಕಿವಿಗೆ ಹಾಕಿರಲಿಲ್ಲ. ಒಂಬತ್ತು ವರ್ಷಗಳಲ್ಲಿ ಇಬ್ಬರೂ ಒಮ್ಮತದಿಂದ ಮಾಡಿದ ಕೆಲಸವೆಂದರೆ ಅದೊಂದೇ.

“ಸುಳ್ಳು,” ಎಂದಳು ಅಕ್ಕ. “ಬೊಗಳೆ. ಅತ್ತೆ ಹೆಸರು ತಂದ್ರೆ ನಾಲಿಗೆ ಸೀಳ್ತೀನಿ.”

“ನಡಿ, ಕೇಳೋಣ. ಇವತ್ತೇ, ಈಗಲೇ. ನಡಿ!”

*

ಎರಡು ಬೀದಿಗಳ ದಾರಿ. ಅಕ್ಕ ಎಡಬದಿಯಲ್ಲಿ, ತಮ್ಮ ಬಲಬದಿಯಲ್ಲಿ, ನಡುವೆ ವಾಹನಗಳನ್ನು ತಪ್ಪಿಸಿಕೊಳ್ಳುತ್ತ ಭೂತಗನ್ನಡಿಯವರು, ಕೈಯಲ್ಲಿ ಹಾಳೆಯಿದ್ದ ಲಕೋಟೆ. ಇಬ್ಬರ ನಡಿಗೆಯೂ ಒಂದೇ ಎಂಬುದನ್ನು ಅವರು ಗಮನಿಸಿದರು: ತಲೆ ಮುಂದಕ್ಕೆ ಬಾಗಿಸಿ, ಎದುರಿಗೆ ಬಂದವರೇ ದಾರಿ ಬಿಡಬೇಕೆಂಬಂತೆ.

ಕಟ್ಟಡದ ಕೆಳಗೆ ಪುಸ್ತಕ ಕಟ್ಟುವ ಅಂಗಡಿಗೆ ಬೀಗ ಹಾಕಿತ್ತು. ಪಕ್ಕದ ಗಡಿಯಾರದ ಅಂಗಡಿಯಲ್ಲಿ ಹತ್ತು ಗಡಿಯಾರಗಳು ಹತ್ತು ಹೊತ್ತು ತೋರಿಸುತ್ತಿದ್ದವು. ಕಿರಿದಾದ ಮೆಟ್ಟಿಲು ಹತ್ತಿದರೆ ಮಹಡಿಯಲ್ಲಿ ಸಾಲಾಗಿ ಮೂರು ಬಾಗಿಲು. ಮೆಟ್ಟಿಲಿನ ತಲೆಯಲ್ಲೇ ಮೊದಲನೆಯದು ಇತ್ತು. ಅದಕ್ಕೆ ‘ಅರ್ಜಿ, ಮನವಿ, ಕರಾರುಪತ್ರ ಬರೆದುಕೊಡಲಾಗುವುದು’ ಎಂಬ ಫಲಕ. ಕೊನೆಯ ಬಾಗಿಲು ಅತ್ತೆಯದು. ತೆರೆದೇ ಇತ್ತು.

ಅತ್ತೆ ಕಿಟಕಿಯ ಬಳಿ ಬೆತ್ತದ ಕುರ್ಚಿಯಲ್ಲಿದ್ದಳು. ಹಿಂದಿನ ಕಪಾಟಿನಲ್ಲಿ ಬೂದುಬಣ್ಣದ ಬಟ್ಟೆ ಹೊದಿಸಿ ಕಟ್ಟಿದ ಸಂಪುಟಗಳ ಸಾಲು. ಹವಾಮಾನ ಕೇಂದ್ರದಲ್ಲಿ ನೌಕರನಾಗಿದ್ದ ಗಂಡ ದಿನದಿನದ ಗಾಳಿ, ಮಳೆ, ಬಿಸಿಲನ್ನು ಬಿಡಿಹಾಳೆಗಳಲ್ಲಿ ಬರೆದಿಟ್ಟು ತೀರಿಹೋಗಿದ್ದ. ಅವಳು ಅವುಗಳನ್ನು ಆಗೊಂದು ಈಗೊಂದು ಸಂಪುಟವಾಗಿ ಕಟ್ಟಿಸುತ್ತಿದ್ದಳು.

“ಯಾರು? ಕಾಲಿನ ಸದ್ದು ಎರಡೂ ಒಂದೇ ಥರ ಇದೆ,” ಎಂದಳು. “ಇಬ್ರೂ ಒಟ್ಟಿಗೆ ಬಂದ್ರಾ? ಪ್ರಪಂಚ ಮುಳುಗ್ತಿದೆಯೇನು?”

ತಮ್ಮ ಮಾತಿಗೆ ಪೀಠಿಕೆ ಹಾಕಲಿಲ್ಲ. “ಅತ್ತೆ, ಆ ಕಾಗದ ನನಗೆ ಕೊಟ್ಟಿದ್ದು ನೀವೇ ಅಂತ ಇವಳಿಗೆ ಹೇಳಿ.”

“ಹೌದು, ನಾನೇ ಕೊಟ್ಟೆ. ಅದಕ್ಕೇನೀಗ?”

ಭೂತಗನ್ನಡಿಯವರು ಸ್ಟೂಲು ಎಳೆದು ಅತ್ತೆಯ ಎದುರು ಕುಳಿತರು. ತಾವು ಯಾರೆಂದು ಹೇಳಿ, ಕೇಳಿದರು: “ಆ ಕಾಗದದಲ್ಲಿ ಏನು ಬರೆದಿದೆ ಅಮ್ಮಾ?”

“ನಾನು ಇರೋವರೆಗೂ ಈ ಕಟ್ಟಡ ಮಾರಲ್ಲ, ಭಾಗ ಮಾಡಲ್ಲ ಅಂತ. ಇವಳ ಮಾತು ಅದು, ಇವಳ ರುಜು.” ಅತ್ತೆಯ ಗದ್ದ ಮೇಲೆದ್ದಿತು. “ಕದ್ದೆ ಅಂತೀರೇನೋ. ಅನ್ನಿ. ಇವಳೇ ಕಟ್ಟಿಕೊಟ್ಟ ಸಂಪುಟದ ಕೊನೇಲಿ ಇವಳ ರುಜು ಸುಮ್ಮನೆ ಕೂತಿತ್ತು. ಕತ್ತರಿ ಹಾಕಿ ತೆಗೆದೆ.”

“ಅತ್ತೆ!” ಅಕ್ಕ ಚೀರಿದಳು. “ನನ್ನ ಕೇಳಬಹುದಿತ್ತಲ್ಲ! ಕೆಳಗೇ ಇದ್ದೆನಲ್ಲ ನಾನು!”

“ಕೇಳಬೇಕಿತ್ತೇ?” ಅತ್ತೆ ಕುರ್ಚಿಯ ತೋಳು ಹಿಡಿದು ಮುಂದಕ್ಕೆ ಬಾಗಿದಳು. “ನಿಮ್ಮಿಬ್ಬರನ್ನ ಒಂದು ಕಾಗದದ ಮುಂದೆ ಕೂರಿಸೋಕೆ ಯಾರಿಂದಾಗುತ್ತೆ ಹೇಳೇ? ನಿಮ್ಮಪ್ಪನ ಫೋಟೋ ಮುಂದೆ ಕೂರಿಸೋಕೇ ಆಗಲಿಲ್ಲ. ನೀವು ಕಿತ್ತಾಡಿ ಮನೆ ಒಡೆದ್ರೆ ನಾನು ಎಲ್ಲಿಗೆ ಹೋಗಲಿ? ಇಬ್ಬರಲ್ಲಿ ಒಬ್ಬರಾದ್ರೂ ಒಂದು ದಿನ ‘ಅತ್ತೆ, ನಿಮ್ಮ ಗತಿ ಏನು’ ಅಂತ ಕೇಳಿದ್ರಾ?”

ಅಕ್ಕ ಕಪಾಟಿನ ಸಂಪುಟಗಳ ಕಡೆ ತಿರುಗಿಕೊಂಡಳು.

ಭೂತಗನ್ನಡಿಯವರು ಲಕೋಟೆಯಿಂದ ಹಾಳೆ ತೆಗೆದು, ಒಂದೊಂದೇ ಪದವಾಗಿ, ಮತ್ತೊಮ್ಮೆ ಓದಿದರು. ‘ಬಿಟ್ಟುಕೊಟ್ಟಿದ್ದೇನೆ’ ಎಂಬಲ್ಲಿಗೆ ಬಂದಾಗ ಅತ್ತೆ ಕೈ ಎತ್ತಿದಳು. ‘ಬಾಡಿಗೆದಾರಳಾಗಿ’ ಎಂಬಲ್ಲಿಗೆ ಬಂದಾಗ ಹಾಳೆಯನ್ನೇ ಕೈಯಿಂದ ಮುಚ್ಚಿದಳು.

“ಅದಲ್ಲ. ಅದು ಅಲ್ಲ ಅಲ್ಲಿ ಇರೋದು. ನನಗೆ ಓದಿ ಹೇಳಿದ್ದು ಬೇರೆ.”

“ನೀವೇ ಓದಲಿಲ್ವಾ?” ಎಂದ ತಮ್ಮ.

ಅತ್ತೆ ಅವನ ಧ್ವನಿ ಬಂದ ದಿಕ್ಕಿಗೆ ತಿರುಗಿದಳು. ಮೂಗಿನ ಮೇಲಿದ್ದ ಕನ್ನಡಕವನ್ನು ತೆಗೆದು ಅವನ ಕಾಲ ಬಳಿ ಎಸೆದಳು.

“ನಾಲ್ಕು ವರ್ಷದಿಂದ ಹೇಳ್ತಿದ್ದೀನಿ ಕಣೋ, ಅಕ್ಷರ ಕಾಣ್ತಿಲ್ಲ, ಗಾಜು ಬದಲಾಯಿಸಿ ಕೊಡು ಅಂತ! ಊರಿಗೆಲ್ಲ ಕಣ್ಣು ಕೊಡ್ತೀಯ. ‘ನಾಳೆ ಅತ್ತೆ, ನಾಳೆ ಅತ್ತೆ.’ ಹೇಗೆ ಓದಲಿ? ನಿನ್ನ ತಲೆಯಿಂದ ಓದಲಾ?”

ಕನ್ನಡಕ ಒಡೆಯಲಿಲ್ಲ. ನೆಲದ ಮೇಲೆ ಒಂದು ಸುತ್ತು ತಿರುಗಿ ನಿಂತಿತು. ತಮ್ಮ ಅದನ್ನು ಎತ್ತಿಕೊಳ್ಳಲು ಬಗ್ಗಿದವನು ಎತ್ತಿಕೊಳ್ಳದೆ ಹಾಗೆಯೇ ಕುಕ್ಕರಿಸಿದ.

“ಓದಿ ಹೇಳಿದ್ದು ಯಾರು? ಅಚ್ಚು ಹಾಕಿದ್ದು?” ಎಂದರು ಭೂತಗನ್ನಡಿಯವರು.

“ಮುಂದಿನ ಮನೆಯವನು. ಅರ್ಜಿ ಬರೆಯೋನು. ಒಳ್ಳೆಯವನು, ಸಂಜೆಗೆ ಪೇಪರ್ ಓದಿ ಹೇಳ್ತಾನೆ. ನಾನು ಹೇಳಿದ್ದನ್ನೇ ಬರೆದಿದ್ದೀನಿ ಅಂದ.”

ಅಕ್ಕ ಬಾಗಿಲ ಕಡೆ ಹೆಜ್ಜೆ ಇಟ್ಟಳು. ಭೂತಗನ್ನಡಿಯವರು ಅವಳ ಸೆರಗು ಹಿಡಿದು ನಿಲ್ಲಿಸಿದರು. ಅವರ ಮನಸ್ಸಿಗೆ ಇನ್ನೊಂದು ಎಳೆ ಸಿಕ್ಕಿತ್ತು. ಸಿಕ್ಕಿದ್ದು ಸಂತೋಷ ಕೊಡಲಿಲ್ಲ.

“ಅಮ್ಮಾ, ಕಟ್ಟಡ ಇಬ್ಬರದ್ದು. ಮಾರಲ್ಲ ಅಂತ ಒಬ್ಬರೇ ಮಾತು ಕೊಟ್ರೆ ಸಾಲದು. ಇನ್ನೊಬ್ಬರದ್ದೂ ಬೇಕಲ್ಲ?”

“ಬೇಕಲ್ಲ. ಅದಕ್ಕೇ ಎರಡು ಹಾಳೆ ಕೊಟ್ಟೆ.”

ತಮ್ಮ ತಲೆಯೆತ್ತಿದ.

“ಇವನೂ ಆಗ ಅಂಗಡೀಲಿ ಹೊಲೀತಿದ್ದನಲ್ಲ,” ಎಂದಳು ಅತ್ತೆ, ಈಗ ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದವಳಂತೆ. “ಹಳೇ ಸಂಪುಟದ ಕೊನೇಲಿ ಇವನ ರುಜು ಇತ್ತು. ಅದನ್ನೂ ಕತ್ತರಿಸಿದೆ. ಎರಡರ ಮೇಲೂ ಒಂದೇ ಮಾತು ಬರಿ ಅಂದೆ. ಅಕ್ಕನ ಮಾತು ತಮ್ಮನ ಹತ್ರ ಇರಲಿ, ತಮ್ಮನ ಮಾತು ನನ್ನ ಹತ್ರ ಭದ್ರವಾಗಿರುತ್ತೆ ಅಂತ ಆ ಅರ್ಜಿ ಬರೆಯೋನೇ ಇಟ್ಕೊಂಡ.”



ಭೂತಗನ್ನಡಿಯವರು ತಮ್ಮನತ್ತ ತಿರುಗಿ ಬಿಡಿಸಿ ಹೇಳಿದರು. ಹೇಳದೆ ಬಿಡುವುದು ಕ್ರೌರ್ಯವಾಗುತ್ತಿತ್ತು. “ಮೊದಲ ಹಾಳೆಯಲ್ಲಿ ಅಕ್ಕನ ಪಾಲು ತಮ್ಮನಿಗೆ. ಎರಡನೇ ಹಾಳೆಯಲ್ಲಿ ಏನಿದೆ ಅಂತ ನೋಡದೇನೇ ಹೇಳ್ತೀನಿ. ತಮ್ಮನ ಹೆಸರಲ್ಲಿ ಇರೋದೆಲ್ಲ ಆ ಅರ್ಜಿ ಬರೆಯೋನಿಗೆ. ನಾಳಿದ್ದು ಮಧ್ಯಸ್ಥರು ಮೊದಲ ಹಾಳೆಗೆ ತಲೆದೂಗಿದ್ರೆ ಇಡೀ ಕಟ್ಟಡ ನಿಮ್ಮದಾಗುತ್ತೆ. ಅದರ ಮಾರನೇ ದಿನ ಇಡೀ ಕಟ್ಟಡ ಅವನದ್ದು. ನೀವು ಗೆಲ್ಲಲಿ ಅಂತ ಅವನು ಕಾಯ್ತಿದ್ದಾನೆ.”

“ನಾನು ಅವನಿಗೆ ಏನೂ ಬರೆದುಕೊಟ್ಟಿಲ್ಲ!”

“ರುಜು ನಿಮ್ಮದೇ ಅಂತ ಪರಿಣತರು ಬರೆದುಕೊಡ್ತಾರೆ,” ಎಂದರು ಅವರು.

ತಮ್ಮನ ಮುಖ ಗೋಡೆಯ ಸುಣ್ಣದಂತಾಯಿತು. ಅವನು ಎದ್ದು ನಿಂತ. ಅಕ್ಕನ ಎದುರು ಬಂದ.

“ಅಕ್ಕ.”

ಒಂಬತ್ತು ವರ್ಷಗಳ ಮೇಲೆ ಬಂದ ಆ ಕರೆಗೆ ಅವಳು ಓಗೊಡಲಿಲ್ಲ.

“ಅಕ್ಕ, ಆ ಪದ್ಧತಿ ಗೊತ್ತಿರೋಳು ನೀನೊಬ್ಬಳೇ. ಅಪ್ಪ ಇಲ್ಲ. ಅತ್ತೆ ಮಾತು ನಂಬಲ್ಲ, ಇವರೇ ಕತ್ತರಿಸಿದ್ದು. ನನ್ನ ಮಾತಂತೂ ಯಾರು ನಂಬ್ತಾರೆ, ಆ ಕಾಗದ ಹಿಡ್ಕೊಂಡು ಇಷ್ಟು ದಿನ ಕುಣಿದವನು ನಾನು. ನಾಳಿದ್ದು ನೀನು ಹೇಳು. ಕೊನೇ ಹಾಳೆಗೆ ನಾನೂ ಹೀಗೇ ರುಜು ಹಾಕ್ತಿದ್ದೆ ಅಂತ. ನೀನು ಹೇಳಿದ್ರೆ ನಿಲ್ಲುತ್ತೆ.”

ಅಕ್ಕ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಧರ್ಮವೂ ಕ್ರೋಧವೂ ಒಂದೇ ಹೃದಯದಲ್ಲಿ ಎದುರುಬದುರಾದಾಗ ಯಾವುದು ಮೊದಲು ಕಣ್ಣು ತಗ್ಗಿಸುವುದೆಂದು ಸರ್ವಸಾಕ್ಷಿಯಾದವನೊಬ್ಬನೇ ಬಲ್ಲ.

“ನೋಟೀಸು ಕಳಿಸೋವಾಗ ‘ಅಕ್ಕ’ ಅಂತ ಬರೆದಿದ್ಯಾ?” ಎಂದಳು. “ಹನ್ನೊಂದು ದಿನ ನಾನು ನಿದ್ದೆ ಮಾಡಿಲ್ಲ. ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋವಾಗ ಬೀಗ ಹಿಡ್ಕೊಂಡು ನಿಂತ್ಬಿಡ್ತೀನಿ, ಇದು ನನ್ನದೋ ಅಲ್ಲವೋ ಅಂತ. ಎರಡು ಬೀದಿ ಆಚೆ ನೀನು ಹಾಯಾಗಿ ಊರಿನವರ ಮೂಗಿಗೆ ಚೌಕಟ್ಟು ಇಡ್ತಿದ್ದೆ. ಒಂದು ಸಲ, ಒಂದೇ ಸಲ, 'ಇದು ನೀನೇ ಬರೆದಿದ್ದಾ' ಅಂತ ಕೇಳೋಕೆ ನಿನ್ನ ಕಾಲು ಸವೀತಿತ್ತಾ?”

“ತಪ್ಪಾಯ್ತು.”

“ಆಯ್ತಲ್ಲ. ನಾಳಿದ್ದು ಹತ್ತು ಗಂಟೆಗೆ ನನ್ನ ಹಾಳೆ ಬಗ್ಗೆ ಹೇಳ್ತೀನಿ. ನಿನ್ನ ಹಾಳೆ ನಿನ್ನ ಪಾಡು.”

“ಅಕ್ಕ!”

“ನಿಲ್ಲೇ,” ಎಂದಳು ಅತ್ತೆ. ಅಕ್ಕ ನಿಲ್ಲಲಿಲ್ಲ.

ಮೊಗಸಾಲೆ ದಾಟಿ ಮೆಟ್ಟಿಲಿಗೆ ಬಂದು, ಪಕ್ಕದ ಕಬ್ಬಿಣದ ಕಂಬಿ ಹಿಡಿದು ಧಡಧಡನೆ ಇಳಿಯತೊಡಗಿದಳು. ಹಿಂದೆ ಓಡಿಬಂದ ಭೂತಗನ್ನಡಿಯವರು ಮೆಟ್ಟಿಲಿನ ತಲೆಗೆ ತಲುಪುವಷ್ಟರಲ್ಲಿ ಅವಳು ಆರು ಮೆಟ್ಟಿಲು ಇಳಿದಿದ್ದಳು.

ಆಗ ಮುಂದಿನ ಮನೆಯ ಬಾಗಿಲು ತೆರೆಯಿತು.

ಅರ್ಜಿ ಬರೆಯುವವನು ಹೊಸ್ತಿಲಲ್ಲಿ ನಿಂತಿದ್ದ. ತೆಳ್ಳಗಿನ ಮನುಷ್ಯ, ಮಡಿಸಿದ ಅಂಗಿಯ ತೋಳು, ಕಿವಿಯ ಹಿಂದೆ ಪೆನ್ನು. ಎಲ್ಲವನ್ನೂ ಕೇಳಿಸಿಕೊಂಡವನ ನೆಮ್ಮದಿ ಅವನ ಮುಖದಲ್ಲಿತ್ತು. ಭೂತಗನ್ನಡಿಯವರನ್ನು ಅವನು ಕಂಡೂ ಕಾಣದವನಂತೆ ದಾಟಿ, ಕೆಳಗೆ ನೋಡಿ ಮೆಲುದನಿಯಲ್ಲಿ ಕರೆದ.

“ಅಮ್ಮಾ, ಒಂದು ನಿಮಿಷ. ನಿಮ್ಮ ಪಾಲಿನ ಮೇಲೆ ನನಗೆ ಆಸೆ ಇಲ್ಲ. ಅರ್ಧ ನಿಮಗೇ ಇರಲಿ, ಅಂಗಡೀನೂ ಇರಲಿ. ನೀವು ಈಗ ಹೇಳಿದ ಹಾಗೇ ನಿಮ್ಮ ಹಾಳೆ ಬಗ್ಗೆ ಮಾತ್ರ ಹೇಳಿ, ನಾನು ಅಡ್ಡ ಬರಲ್ಲ. ತಮ್ಮನ ಹಾಳೆ ಬಗ್ಗೆ ಕೇಳಿದ್ರೆ ‘ಗೊತ್ತಿಲ್ಲ’ ಅಂದ್ಬಿಡಿ. ಒಂದು ಮಾತು, ಅಷ್ಟೇ.”

ಮೊಗಸಾಲೆಯ ಆ ತುದಿಯಲ್ಲಿ ತಮ್ಮ ಗೋಡೆಗೆ ಆನಿಕೊಂಡು ನಿಂತಿದ್ದ. ಅವನಿಗೂ ಕೇಳಿಸಿತ್ತು.

“ಹೋಗಿ, ನೀವು ಹೋಗಿ,” ಎಂದರು ಭೂತಗನ್ನಡಿಯವರು ಅಕ್ಕನಿಗೆ. “ಅವನ ಮಾತು ಕಿವಿಗೆ ಹಾಕ್ಕೋಬೇಡಿ, ಇಳೀರಿ.”

ಅಕ್ಕ ಇಳಿಯಲಿಲ್ಲ. ಏಳನೆಯ ಮೆಟ್ಟಿಲಿಗೆ ಚಾಚಿದ್ದ ಪಾದವನ್ನು ಹಿಂದಕ್ಕೆ ಎಳೆದುಕೊಂಡಳು. ನಿಂತಳು. ಮೇಲೆ, ಗೋಡೆಗೆ ಆನಿಕೊಂಡಿದ್ದ ತಮ್ಮನನ್ನು ಒಮ್ಮೆ ನೋಡಿದಳು. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿ ಬಂದು, “‘ಗೊತ್ತಿಲ್ಲ’ ಅಂದ್ರೆ ಸಾಕು ತಾನೇ?” ಎಂದು ಕೇಳಿ, ಅರ್ಜಿ ಬರೆಯುವವನ ಹೊಸ್ತಿಲು ದಾಟಿ, ತನ್ನ ಕೈಯಾರೆ ಬಾಗಿಲು ಹಾಕಿಕೊಂಡಳು.